ಕಾಣೆಯಾದ ಹನ್ನೊಂದು ದಿನಗಳು

ಹೋದ ತಿಂಗಳು ನಮ್ಮ ಮೊಮ್ಮಗ ಶಾಲೆಯಿಂದ ದೊಡ್ಡದೊಂದು ಕಾಗದವನ್ನು ತಂದು ನನ್ನ ಮುಂದೆ ಹರವಿದ. ವಂಶವೃಕ್ಷ ಬರೆಯಬೇಕಂತೆ, ಮನೆಯ ಹಿರಿಯರೆಲ್ಲರ ಹೆಸರು, ಊರು, ಹುಟ್ಟಿದ ತಾರೀಖು ಅದರಲ್ಲಿರಬೇಕಂತೆ. “ಅಜ್ಜ, ನೀವು ಹುಟ್ಟಿದ್ದು ಯಾವತ್ತು?” ಎಂದು ಪೆನ್ಸಿಲು ಹಿಡಿದು ಕುಳಿತ.

“ಯಾವುದು ಬೇಕಪ್ಪ? ನಮ್ಮಮ್ಮ ಹೇಳಿದ್ದೋ, ಮೇಷ್ಟರು ಬರೆದದ್ದೋ?” ಎಂದೆ.

ಹುಡುಗ ಬಿದ್ದು ಬಿದ್ದು ನಕ್ಕ. ಒಬ್ಬ ಮನುಷ್ಯ ಎರಡು ಸಲ ಹುಟ್ಟುವುದೆಂದರೇನು? ಆದರೆ ಈ ಪುಟವನ್ನು ಓದುತ್ತಿರುವ ಹಿರಿಯರು ನಗಲಾರರು. ಅವರಲ್ಲಿ ಅನೇಕರು ನನ್ನ ಹಾಗೆಯೇ ಎರಡು ಸಲ ಹುಟ್ಟಿದವರು: ಒಮ್ಮೆ ತಾಯಿಯ ಮಡಿಲಲ್ಲಿ, ಇನ್ನೊಮ್ಮೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಎರಡನೆಯ ಜನ್ಮಕ್ಕೆ ತಾರೀಖು ಬಹುಮಟ್ಟಿಗೆ ಒಂದೇ, ಜೂನ್ 1. ನನ್ನ ತರಗತಿಯ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೂನ್ ಒಂದನೆಯ ತಾರೀಖಿನಂದೇ ಭೂಮಿಗೆ ಇಳಿದವರು!

“ನಗಬೇಡ ಮಗು. ಅಮೆರಿಕದ ಮೊದಲನೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನಿಗೂ ಎರಡು ಹುಟ್ಟುಹಬ್ಬ ಇದ್ದವು” ಎಂದು ಅವನ ಬಾಯಿ ಮುಚ್ಚಿಸಿದೆ. ಆಮೇಲೆ ಆ ಕಥೆಯನ್ನು ಹೇಳದೆ ವಿಧಿಯಿರಲಿಲ್ಲ. ಅವನಿಗೆ ಹೇಳಿದ್ದನ್ನೇ ಈ ಸಲ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ವಾಷಿಂಗ್ಟನ್ ಹುಟ್ಟಿದ ದಿನ ಅವನ ಮನೆಯವರ ಗೋಡೆಯ ಮೇಲೆ ಇದ್ದಿರಬಹುದಾದ ತಾರೀಖು 1731ನೆಯ ಇಸವಿ ಫೆಬ್ರವರಿ 11. ಇಂದು ಎಲ್ಲ ಪುಸ್ತಕಗಳಲ್ಲಿಯೂ ಇರುವುದು 1732ನೆಯ ಇಸವಿ ಫೆಬ್ರವರಿ 22. ಇಲ್ಲಿ ಯಾವ ಮೇಷ್ಟರ ಕೈವಾಡವೂ ಇಲ್ಲ. ದಿನ ಅದೇ, ಸೂರ್ಯ ಹುಟ್ಟಿ ಮುಳುಗಿದ್ದೂ ಅದೇ. ಬದಲಾದದ್ದು ಕ್ಯಾಲೆಂಡರು ಮಾತ್ರ.

ಇದರ ಮೂಲವನ್ನು ಹುಡುಕಿದರೆ ರೋಮಿನ ಜೂಲಿಯಸ್ ಸೀಸರನ ಬಾಗಿಲಿಗೆ ಹೋಗುತ್ತೇವೆ. ಅವನ ಕಾಲಕ್ಕೆ ರೋಮಿನ ಲೆಕ್ಕ ಎಷ್ಟು ಕೆಟ್ಟಿತ್ತೆಂದರೆ, ತಿಂಗಳುಗಳಿಗೂ ಋತುಗಳಿಗೂ ಮಾತುಕತೆಯೇ ನಿಂತುಹೋಗಿತ್ತು. ಅದನ್ನು ಸರಿಪಡಿಸಲು ಅವನು ಕ್ರಿ. ಪೂ. 46ನೆಯ ವರ್ಷಕ್ಕೆ 445 ದಿನಗಳನ್ನು ಕೊಟ್ಟ. ಮುಂದೆ ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಎಂದು ಕಟ್ಟುಮಾಡಿದ. ಅಂದರೆ ವರ್ಷವೆಂಬುದು 365 ದಿನ, 6 ಗಂಟೆ. ನಿಜವಾಗಿ ಋತುಚಕ್ರಕ್ಕೆ ಬೇಕಾದ ಕಾಲ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷವೆಂದರೆ ಏನು ಮಹಾ? ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಕ್ಕೇ ಅಷ್ಟು ಹೊತ್ತು ಬೇಕು. ಆದರೆ ಹನಿಗೂಡಿ ಹಳ್ಳವಾಗುವ ಹಾಗೆ, ಆ ನಿಮಿಷಗಳು ಕೂಡಿ ಸುಮಾರು 128 ವರ್ಷಕ್ಕೆ ಒಂದು ದಿನವಾಗುತ್ತವೆ. ಹದಿನಾರನೆಯ ಶತಮಾನದ ಹೊತ್ತಿಗೆ, ಹಗಲು ರಾತ್ರಿ ಸಮನಾಗುವ ವಸಂತ ವಿಷುವ ಮಾರ್ಚ್ 21ರಂದು ಬರುವುದನ್ನು ಬಿಟ್ಟು ಮಾರ್ಚ್ 11ಕ್ಕೇ ಬರುತ್ತಿತ್ತು. ಕ್ರೈಸ್ತರ ಈಸ್ಟರ್ ಹಬ್ಬವನ್ನು ಗೊತ್ತುಮಾಡುವುದು ಈ ವಿಷುವದ ಲೆಕ್ಕದಿಂದ. ಹಬ್ಬವೇ ತಪ್ಪಿದ ಮೇಲೆ ಗುರುಗಳು ಸುಮ್ಮನಿರುತ್ತಾರೆಯೆ?

ದಕ್ಷಿಣ ಇಟಲಿಯ ಲೂಯಿಜಿ ಲಿಲಿಯೋ ಎಂಬ ವೈದ್ಯ ಹೊಸ ಲೆಕ್ಕವನ್ನು ಹಾಕಿಕೊಟ್ಟ. ಪಾಪ, ಅದು ಜಾರಿಗೆ ಬರುವ ಮೊದಲೇ ತೀರಿಕೊಂಡ. ಕ್ಲಾವಿಯಸ್ ಎಂಬ ಗಣಿತಜ್ಞ ಪಾದ್ರಿ ಅದನ್ನು ಸಮರ್ಥಿಸಿ ನಿಲ್ಲಿಸಿದ. ಪೋಪ್ ಹದಿಮೂರನೆಯ ಗ್ರೆಗರಿ 1582ರ ಫೆಬ್ರವರಿ 24ರಂದು ಆಜ್ಞೆ ಹೊರಡಿಸಿದ. ಶತಮಾನದ ಕೊನೆಯ ವರ್ಷಗಳಲ್ಲಿ 400ರಿಂದ ಭಾಗವಾಗುವಂಥವು ಮಾತ್ರ ಅಧಿಕ ದಿನದ ವರ್ಷಗಳು. 1700, 1800, 1900ಕ್ಕೆ ಅಧಿಕ ದಿನವಿಲ್ಲ. 1600, 2000ಕ್ಕೆ ಉಂಟು. ಇದು ಮುಂದಿನ ಮಾತಾಯಿತು. ಆಗಲೇ ಸೇರಿಹೋಗಿದ್ದ ಹತ್ತು ದಿನಗಳನ್ನು ಏನು ಮಾಡುವುದು? ಕತ್ತರಿಸಿ ಎಸೆಯುವುದು! ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡುಗಳಲ್ಲಿ ಜನ 1582ರ ಅಕ್ಟೋಬರ್ 4, ಗುರುವಾರ ರಾತ್ರಿ ಮಲಗಿದರು. ಬೆಳಗ್ಗೆ ಎದ್ದಾಗ ಶುಕ್ರವಾರವೇನೋ ಸರಿಯಾಗಿಯೇ ಬಂದಿತ್ತು, ತಾರೀಖು ಮಾತ್ರ ಅಕ್ಟೋಬರ್ 15. ವಾರದ ಸರಪಳಿಯನ್ನು ಯಾರೂ ಮುಟ್ಟಲಿಲ್ಲ. ಸ್ಪೇನಿನ ಸಂತ ತೆರೇಸಾ ಕಾಲವಾದದ್ದು ಅದೇ ರಾತ್ರಿ. ಅಕ್ಟೋಬರ್ 4ರಂದು ತೀರಿಕೊಂಡವಳಿಗೆ ಮಾರನೆಯ ದಿನವೇ ಅಂತ್ಯಕ್ರಿಯೆ ನಡೆಯಿತು. ಆ ಮಾರನೆಯ ದಿನ ಅಕ್ಟೋಬರ್ 15 ಆಗಿತ್ತು. ಇಂದಿಗೂ ಅವಳ ಹಬ್ಬ ನಡೆಯುವುದು 15ರಂದೇ.

ಪೋಪನ ಮಾತನ್ನು ಒಪ್ಪದ ದೇಶಗಳು ಹಳೆಯ ಲೆಕ್ಕವನ್ನೇ ಹಿಡಿದು ಕುಳಿತವು. ಹೀಗಾಗಿ ಸುಮಾರು ನೂರೆಪ್ಪತ್ತು ವರ್ಷಗಳ ಕಾಲ, ಫ್ರಾನ್ಸಿನಿಂದ ಕಾಲುವೆ ದಾಟಿ ಇಂಗ್ಲೆಂಡಿಗೆ ಹೋದವನು ಹೊರಟ ತಾರೀಖಿಗಿಂತ ಹಿಂದಿನ ತಾರೀಖಿನಲ್ಲಿ ಇಳಿಯಬಹುದಾಗಿತ್ತು. ಇದರಿಂದ ಹುಟ್ಟಿದ ಮೋಜುಗಳಿಗೆ ಲೆಕ್ಕವಿಲ್ಲ. ಷೇಕ್ಸ್‌ಪಿಯರನೂ ಸ್ಪೇನಿನ ಸರ್ವಾಂಟೆಸನೂ 1616ರ ಏಪ್ರಿಲ್ 23ರಂದು, ಒಂದೇ ದಿನ ತೀರಿಕೊಂಡರೆಂದು ಎಷ್ಟೋ ಕಡೆ ಬರೆದಿರುತ್ತಾರೆ. ಷೇಕ್ಸ್‌ಪಿಯರನ ಏಪ್ರಿಲ್ 23 ಹಳೆಯ ಲೆಕ್ಕದ್ದು. ಸ್ಪೇನಿನ ಲೆಕ್ಕದಲ್ಲಿ ಅಂದು ಮೇ 3. ಸರ್ವಾಂಟೆಸ್ ತೀರಿಕೊಂಡದ್ದಾದರೋ ಹೊಸ ಲೆಕ್ಕದ 22ರಂದು. 23 ಮಣ್ಣಾದ ದಿನ. ನಡುವೆ ಹನ್ನೊಂದು ದಿನಗಳ ಅಂತರ! ಹಾಗೆಯೇ ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದನೆಂದು ನಾವು ಶಾಲೆಯಲ್ಲಿ ಉರುಹೊಡೆದದ್ದುಂಟು. ಗೆಲಿಲಿಯೊ 1642ರ ಜನವರಿಯಲ್ಲಿ ತೀರಿಕೊಂಡದ್ದು ಹೊಸ ಲೆಕ್ಕ. ನ್ಯೂಟನ್ 1642ರ ಕ್ರಿಸ್‌ಮಸ್ ದಿನ ಹುಟ್ಟಿದ್ದು ಹಳೆಯ ಲೆಕ್ಕ. ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4ರಂದು. ಉರುಹೊಡೆದ ಶ್ರಮವೆಲ್ಲ ವ್ಯರ್ಥ!

ಸ್ವೀಡನ್ ದೇಶದವರದು ಇನ್ನೂ ಸ್ವಾರಸ್ಯ. ಒಮ್ಮೆಗೇ ದಿನಗಳನ್ನು ಕಳೆಯುವುದು ಬೇಡ, 1700ರಿಂದ 1740ರವರೆಗೆ ಬರುವ ಅಧಿಕ ದಿನಗಳನ್ನು ಒಂದೊಂದಾಗಿ ಬಿಟ್ಟರಾಯಿತು ಎಂದುಕೊಂಡರು. 1700ರಲ್ಲಿ ಒಂದನ್ನು ಬಿಟ್ಟರು. ಅಷ್ಟರಲ್ಲಿ ಮಹಾಯುದ್ಧ ಹತ್ತಿಕೊಂಡಿತು; 1704ರಲ್ಲಿಯೂ 1708ರಲ್ಲಿಯೂ ಬಿಡುವುದು ನಡೆಯಲಿಲ್ಲ. ಈಗ ಅವರ ತಾರೀಖು ಪೋಪನಿಗೂ ಹೊಂದದು, ಸೀಸರನಿಗೂ ಹೊಂದದು. ಬೇಸತ್ತು ಹಳೆಯ ಲೆಕ್ಕಕ್ಕೇ ಹಿಂದಿರುಗಲು 1712ರಲ್ಲಿ ಒಂದು ದಿನವನ್ನು ಹೆಚ್ಚಿಗೆ ಸೇರಿಸಿದರು. ಆ ವರ್ಷ ಸ್ವೀಡನ್ನಿನಲ್ಲಿ ಫೆಬ್ರವರಿ 30 ಬಂದಿತ್ತು! ಅಂದು ಹುಟ್ಟಿದ ಮಕ್ಕಳು ಹುಟ್ಟುಹಬ್ಬದ ಆಸೆಯನ್ನೇ ಬಿಡಬೇಕಾಯಿತು.

ಈಗ ಇಂಗ್ಲೆಂಡಿಗೆ ಬರೋಣ. ನಾನು ಈ ಕಥೆಯನ್ನು ಎತ್ತಿಕೊಂಡದ್ದೇ ಅದಕ್ಕಾಗಿ. ಅಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಜನವರಿಯಲ್ಲಲ್ಲ, ಮಾರ್ಚ್ 25ರಂದು. ಪಾರ್ಲಿಮೆಂಟಿನಲ್ಲಿ ಚೆಸ್ಟರ್‌ಫೀಲ್ಡ್ ಪ್ರಭುವಿನ ಮುಂದಾಳುತನದಲ್ಲಿ ಒಂದು ಶಾಸನ ಪಾಸಾಯಿತು. 1751ನೆಯ ವರ್ಷವನ್ನು ಡಿಸೆಂಬರ್ 31ಕ್ಕೇ ಮುಗಿಸಿಬಿಟ್ಟರು; ಆ ಬಡ ವರ್ಷಕ್ಕೆ ಸಿಕ್ಕಿದ್ದು 282 ದಿನಗಳು ಮಾತ್ರ. ಮರುವರ್ಷ, 1752ರ ಸೆಪ್ಟೆಂಬರ್ 2, ಬುಧವಾರ. ಮಾರನೆಯ ದಿನ ಗುರುವಾರ, ಸೆಪ್ಟೆಂಬರ್ 14. ಅಷ್ಟು ಹೊತ್ತಿಗೆ ವ್ಯತ್ಯಾಸ ಹನ್ನೊಂದು ದಿನಕ್ಕೆ ಬೆಳೆದಿತ್ತು. ಆ ಶಾಸನ ಇಂಗ್ಲಿಷ್ ರಾಜನಿಗೆ ಏಷ್ಯದಲ್ಲಿದ್ದ ನೆಲೆಗಳಿಗೂ ಅನ್ವಯಿಸುತ್ತಿತ್ತು. ನಾವು ಇಂದು ಬಾಡಿಗೆ ಕೊಟ್ಟು ವಾಸವಾಗಿರುವ ಮುಂಬಯಿ, ಮದರಾಸುಗಳ ಕೋಟೆಯೊಳಗಿನ ಕಂಪನಿ ದಫ್ತರದವರೂ ಹನ್ನೊಂದು ದಿನಗಳನ್ನು ಹಾರಬೇಕಾಯಿತು. ಕೋಟೆಯ ಹೊರಗೆ, ಪಂಚಾಂಗ ನೋಡಿ ಬದುಕುತ್ತಿದ್ದವರಿಗೆ ಒಂದು ತಿಥಿಯೂ ನಷ್ಟವಾಗಲಿಲ್ಲ. ಏಕಾದಶಿ ಆದ ಮೇಲೆ ದ್ವಾದಶಿಯೇ ಬಂತು.

ಇದನ್ನು ಕೇಳಿದ ಇಂಗ್ಲೆಂಡಿನ ಜನ “ನಮ್ಮ ಹನ್ನೊಂದು ದಿನಗಳನ್ನು ಹಿಂದಕ್ಕೆ ಕೊಡಿ” ಎಂದು ಬೀದಿಗಿಳಿದು ದೊಂಬಿ ಮಾಡಿದರೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ತಮ್ಮ ಆಯುಸ್ಸಿನಲ್ಲಿಯೇ ಹನ್ನೊಂದು ದಿನ ಕಡಿಮೆಯಾಯಿತೆಂದು ಆ ಮೂಢರು ಅತ್ತರಂತೆ! ಆದರೆ ಇತಿಹಾಸಕಾರರು ಹುಡುಕಿ ನೋಡಿದಾಗ ಅಂಥ ದೊಂಬಿಗೆ ಆಧಾರವೇ ದೊರೆಯಲಿಲ್ಲ. ಕಥೆಯ ಬೇರು ಹೋಗರ್ತ್ ಎಂಬ ಚಿತ್ರಕಾರನ ಒಂದು ಚಿತ್ರದಲ್ಲಿದೆ. ಚುನಾವಣೆಯ ಔತಣದ ಗದ್ದಲವನ್ನು ಅಣಕಿಸಿ 1755ರಲ್ಲಿ ಬರೆದ ಆ ಚಿತ್ರದ ನೆಲದ ಮೇಲೆ ಈ ಮಾತುಗಳ ಒಂದು ಬಾವುಟ ಬಿದ್ದಿದೆ. ನಗೆಚಿತ್ರ ಕಾಲಕ್ರಮದಲ್ಲಿ ಚರಿತ್ರೆಯಾಗಿಬಿಟ್ಟಿತು.

ನನಗೆ ಆ ಚಿತ್ರಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಶಾಸನದ ಒಂದು ಭಾಗ. ದಿನಗಳನ್ನು ಕತ್ತರಿಸುವಾಗ ಯಾರ ಜೇಬಿಗೂ ಕತ್ತರಿ ಬೀಳಬಾರದೆಂದು ಅದನ್ನು ಬರೆದವರು ಯೋಚಿಸಿದ್ದರು. ಬಾಡಿಗೆ, ಸಾಲ, ಕರಾರು ಯಾವುದೇ ಇರಲಿ, ಹನ್ನೊಂದು ದಿನ ಮೊದಲೇ ವಾಯಿದೆ ಮುಗಿಯಿತೆಂದು ಯಾರೂ ವಸೂಲಿಗೆ ಬರುವಂತಿಲ್ಲ. ನಿಜವಾದ ದಿನಗಳು ತುಂಬಬೇಕು. ಇಪ್ಪತ್ತೊಂದು ವರ್ಷ ತುಂಬಿ ವಯಸ್ಕನಾಗುವವನು ನಿಜವಾಗಿ ಅಷ್ಟು ದಿನ ಬದುಕಿಯೇ ವಯಸ್ಕನಾಗಬೇಕು. ಹನ್ನೊಂದು ದಿನ ಮೊದಲೇ ಆಗುವಂತಿಲ್ಲ. ಬ್ರಿಟನ್ನಿನಲ್ಲಿ ವರಮಾನ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 5ರಂದು ಮುಗಿಯುತ್ತದೆ. ಎಲ್ಲಿಯ ಏಪ್ರಿಲ್ 5? ಹಳೆಯ ಹೊಸವರ್ಷದ ಮಾರ್ಚ್ 25ಕ್ಕೆ ಹನ್ನೊಂದನ್ನು ಕೂಡಿಸಿ ನೋಡಿ. ಮುಚ್ಚಿದ ಬಾವಿಯ ಗುರುತಿನ ಹಾಗೆ ಆ ತಾರೀಖು ಹಾಗೆಯೇ ಉಳಿದಿದೆ.

ಇಂಥ ದಾಕ್ಷಿಣ್ಯ ಎಲ್ಲೆಡೆಯೂ ಇರಲಿಲ್ಲ. ಕ್ರಾಂತಿಯಾದ ಮೇಲೆ ಫ್ರಾನ್ಸಿನವರು 1793ರಲ್ಲಿ ವಾರವನ್ನೇ ತೆಗೆದುಹಾಕಿ, ಹತ್ತು ದಿನಗಳ ಕಟ್ಟುಗಳನ್ನು ಮಾಡಿದರು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ಬಿಡುವು ಹತ್ತು ದಿನಕ್ಕೊಮ್ಮೆ ಆಯಿತು! ದುಡಿಯುವವನಿಗೆ ಇದು ರುಚಿಸುವುದು ಹೇಗೆ? 1806ರ ಜನವರಿ 1ರಿಂದ ನೆಪೋಲಿಯನ್ ಹಳೆಯ ಕ್ಯಾಲೆಂಡರನ್ನೇ ತಂದ. ಅದಕ್ಕೆ ತುಸು ಮೊದಲು ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪೂ ಸುಲ್ತಾನನೂ ಹಿಜರಿ ಲೆಕ್ಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕವನ್ನು ತಂದಿದ್ದ. ನಾಣ್ಯಗಳ ಮೇಲೆ ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದರ ಒಳಗಿನ ಸಂವತ್ಸರ ಚಕ್ರ ಮಾತ್ರ ನಮ್ಮ ಅರುವತ್ತರ ಚಕ್ರವೇ, ಹೆಸರುಗಳು ಬೇರೆ.

ಅಲಾಸ್ಕಾ ಪ್ರಾಂತವನ್ನು ರಷ್ಯದಿಂದ ಅಮೆರಿಕ ಕೊಂಡುಕೊಂಡಾಗ ಅಲ್ಲಿಯ ಜನರಿಗೆ ಸಾಲಾಗಿ ಎರಡು ಶುಕ್ರವಾರಗಳು ಬಂದವು: 1867ರ ಅಕ್ಟೋಬರ್ 6 ಶುಕ್ರವಾರ, ಮಾರನೆಯ ದಿನ ಅಕ್ಟೋಬರ್ 18, ಅದೂ ಶುಕ್ರವಾರ. ಕ್ಯಾಲೆಂಡರೂ ಬದಲಾಯಿತು, ಭೂಗೋಳದ ದಿನರೇಖೆಯೂ ಸರಿಯಿತು. ರಷ್ಯ ತಾನೇ ಹೊಸ ಲೆಕ್ಕಕ್ಕೆ ಬಂದದ್ದು 1918ರಲ್ಲಿ. ಜನವರಿ 31ರ ಮಾರನೆಯ ದಿನ ಫೆಬ್ರವರಿ 14. ಅದಕ್ಕಾಗಿಯೇ ಅವರ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ರಂದು ನಡೆಯುತ್ತಿದ್ದುದು. ತೀರ ಈಚಿನದು ಪೆಸಿಫಿಕ್ ಸಾಗರದ ಸಮೋವಾ ದ್ವೀಪದ್ದು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳೊಡನೆ ವ್ಯಾಪಾರಕ್ಕೆ ಅನುಕೂಲವಾಗಲೆಂದು ಅವರು ದಿನರೇಖೆಯ ಇನ್ನೊಂದು ಪಕ್ಕಕ್ಕೆ ದಾಟಿದರು. 2011ರ ಡಿಸೆಂಬರ್ 30, ಶುಕ್ರವಾರ ಅಲ್ಲಿ ಬರಲೇ ಇಲ್ಲ. ಆದರೆ ಬಾರದ ಆ ಶುಕ್ರವಾರದ ಸಂಬಳವನ್ನು ಕೆಲಸಗಾರರಿಗೆ ಕೊಡತಕ್ಕದ್ದೆಂದು ಸರಕಾರ ಕಟ್ಟುಮಾಡಿತು. ಚೆಸ್ಟರ್‌ಫೀಲ್ಡ್ ಪ್ರಭು ಇದ್ದಿದ್ದರೆ ಸಂತೋಷಪಡುತ್ತಿದ್ದ.

“ಹಾಗಾದರೆ ನಮ್ಮ ಪಂಚಾಂಗವೇ ಸರಿ ಅಲ್ಲವೆ, ಅಜ್ಜ?” ಎಂದ ಹುಡುಗ. ಅಷ್ಟು ಸುಲಭವಾಗಿ ಹೌದೆನ್ನುವ ಹಾಗಿಲ್ಲ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಆ ದಿನ 1863ರ ಜನವರಿ 12. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ನಕ್ಷತ್ರಗಳನ್ನು ಹಿಡಿದು ಅಳೆಯುವ ನಮ್ಮ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅದೂ ಹನಿಗೂಡುತ್ತಲೇ ಇದೆ. ಇನ್ನು ನಮ್ಮೊಳಗಿನ ಭೇದಗಳನ್ನು ಕೇಳಲೇಬೇಡಿ. ಮುಂಬಯಿಯ ನೆರೆಮನೆಯವರು ಗುಡಿ ಏರಿಸುವ ದಿನವೇ ನಮ್ಮ ಯುಗಾದಿ. ಪಕ್ಕದ ಗುಜರಾತಿಗಳ ಹೊಸ ವರ್ಷ ದೀಪಾವಳಿಯ ಮಾರನೆಯ ದಿನ. ಮದರಾಸಿಗೆ ಹೋದವರಿಗೆ ಏಪ್ರಿಲ್ ನಡುವಿನ ಹೊಸ ವರ್ಷ. ನಮ್ಮ ತುಳುನಾಡಿನ ಬಿಸುವೂ ಆಗಲೇ. ದಿಲ್ಲಿಗೆ ವರ್ಗವಾಗಿ ಹೋದವರು ಮೊದಲ ವರ್ಷ ಖಂಡಿತ ಗಾಬರಿಯಾಗುತ್ತಾರೆ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ನಮಗೆ ಶ್ರಾವಣ ಬಹುಳದಲ್ಲಿ ಹುಟ್ಟುವ ಕೃಷ್ಣ ಅವರಿಗೆ ಭಾದ್ರಪದದಲ್ಲಿ ಹುಟ್ಟುತ್ತಾನೆ. ಪುಣ್ಯಕ್ಕೆ ದಿನ ಒಂದೇ! 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಈ ಎಲ್ಲ ಪಂಚಾಂಗಗಳನ್ನು ತೂಗಿ ನೋಡಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅಂದು ಶಕ 1879ರ ಚೈತ್ರ 1. ಸರಕಾರದ ಗ್ಯಾಜೆಟ್ಟಿನ ತಲೆಯ ಮೇಲೆ ಅದಿದೆ. ನಮ್ಮ ಮನೆಗಳ ಗೋಡೆಯ ಮೇಲೆ ಎಷ್ಟಿದೆಯೋ ವಾಚಕರೇ ಹೇಳಬೇಕು.

ಇಷ್ಟಾದ ಮೇಲೆ ಮೊಮ್ಮಗ ಪುನಃ ಕಾಗದದ ಮೇಲೆ ಬಗ್ಗಿದ. “ದೊಡ್ಡಜ್ಜನ ಹುಟ್ಟಿದ ದಿನ?”

ಅವನು ಕೇಳಿದ್ದು ನನ್ನ ಅಣ್ಣನನ್ನು ಕುರಿತು. ಅಣ್ಣ ಹುಟ್ಟಿದ್ದು ವಿಕೃತಿ ಸಂವತ್ಸರದ ಆಶ್ವಯುಜ ಮಾಸದಲ್ಲಿ; 1950ರ ಅಕ್ಟೋಬರ್. ಐದು ತುಂಬುವ ಮೊದಲೇ ಅಪ್ಪ ಅವನನ್ನು ಶಾಲೆಗೆ ಕರೆದುಕೊಂಡು ಹೋದರು. ಆಗ ವಯಸ್ಸಿನ ಪರೀಕ್ಷೆಯೆಂದರೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟುವುದು. ಅಣ್ಣನ ಬೆರಳು ಕಿವಿಗೆ ಎರಡಂಗುಲ ದೂರ ಉಳಿಯಿತು. ಮೇಷ್ಟರು ಅವನ ತಲೆಯನ್ನು ತುಸು ವಾಲಿಸಿದರು, ಬೆರಳು ಮುಟ್ಟಿತು. ಪುಸ್ತಕದಲ್ಲಿ 1949ರ ಜೂನ್ 1 ಎಂದು ಬರೆದುಕೊಂಡರು.

ಆ ಎರಡಂಗುಲದ ಬೆಲೆ ಗೊತ್ತಾದದ್ದು ಐವತ್ತೆರಡು ವರ್ಷಗಳ ಮೇಲೆ. ಅಣ್ಣ ಒಂದು ಕಂಪನಿಯಲ್ಲಿ ಗುಮಾಸ್ತನಾಗಿದ್ದ. ನಿವೃತ್ತಿ ಐವತ್ತೆಂಟಕ್ಕೆ. ಶಾಲೆಯ ದಾಖಲೆಯ ಪ್ರಕಾರ 2007ರ ಮೇ ಕೊನೆಗೆ ಮನೆಗೆ ಬರಬೇಕು. ತಾಯಿಯ ಲೆಕ್ಕದಲ್ಲಿ ಇನ್ನೂ ಹದಿನೇಳು ತಿಂಗಳು ಬಾಕಿ. ಮಗಳ ಓದು ಮುಗಿದಿರಲಿಲ್ಲ. ತಾತ ಬರೆಸಿದ್ದ ಜಾತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಸಾಹೇಬರ ಬಳಿಗೆ ಹೋದ. ಅವರು ಮರ್ಯಾದೆಯಿಂದಲೇ ಅದನ್ನು ಹಿಂದಕ್ಕೆ ಕೊಟ್ಟು, ಶಾಲೆಯ ಕಾಗದವೇ ಪ್ರಮಾಣವೆಂದರು. ಹನ್ನೊಂದು ದಿನಗಳಿಗೆ ಅಷ್ಟೆಲ್ಲ ಕಟ್ಟುಪಾಡು ಬರೆದವರಿದ್ದರು. ಅಣ್ಣನ ಹದಿನೇಳು ತಿಂಗಳುಗಳಿಗೆ ಒಂದು ಸಾಲು ಬರೆದವರೂ ಇರಲಿಲ್ಲ. ಆ ಹದಿನೇಳು ತಿಂಗಳು ಅಣ್ಣ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ಮಗಳ ಫೀಸು ಕಟ್ಟಿದ.

ಹುಡುಗನ ಎದುರಿಗೇ ಅಣ್ಣನಿಗೆ ಫೋನು ಮಾಡಿದೆ. “ಯಾವ ತಾರೀಖು ಬರೆಯಲಪ್ಪ?” ಎಂದು ಕೇಳಿ, ಹಳೆಯದೆಲ್ಲ ನೆನಪಾಗಿ, ಮೇಷ್ಟರ ಮೇಲೆ ಒಂದು ಮಾತನ್ನೂ ಆಡಿದೆ.

“ಹಾಗೆನ್ನಬೇಡ ಕಣೋ” ಎಂದ ಅಣ್ಣ. “ಆ ವರ್ಷ ಅವರು ನನ್ನ ತಲೆ ವಾಲಿಸದೆ ಇದ್ದಿದ್ದರೆ ಅಪ್ಪ ನನ್ನನ್ನು ದನ ಕಾಯಲು ಹಚ್ಚುತ್ತಿದ್ದರು. ಮರುವರ್ಷ ಶಾಲೆಗೆ ಯಾರು ಕಳಿಸುತ್ತಿದ್ದರು? ಹದಿನೇಳು ತಿಂಗಳು ಮೇಷ್ಟರ ಗುರುದಕ್ಷಿಣೆ ಅಂತ ಬಿಟ್ಟುಬಿಟ್ಟಿದ್ದೇನೆ. ಎರಡನ್ನೂ ಬರೆಯಲಿ ಬಿಡು ಮಗು.”

ಮೊಮ್ಮಗ ಎರಡನ್ನೂ ಬರೆದ. ನನ್ನವೂ ಎರಡು, ಅಣ್ಣನವೂ ಎರಡು. ನನ್ನ ತಾಯಿಯ ಹೆಸರಿನ ಮುಂದೆ ಬರೆಯುವುದಕ್ಕೆ ಮಾತ್ರ ಒಂದೂ ಇರಲಿಲ್ಲ. ನಮ್ಮೆಲ್ಲರ ತಿಥಿ ನಕ್ಷತ್ರಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಆಕೆ ತನ್ನದನ್ನು ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಮನೆ ಖಾಲಿಯಾಗಿಯೇ ಉಳಿಯಿತು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಸಂಜೆಯೇ ಕೇಳಿ ಬರೆದಿಟ್ಟುಕೊಳ್ಳಿ. ಪಂಚಾಂಗ ಯಾವುದಾದರೂ ಆಗಲಿ.